ನೀಲಕ್ಕನ ಹೇಸಿಗೆ

ನೀಲಕ್ಕನಿಗೆ ಲಂಡನ್ನಿನಲ್ಲಿ ಹೇಸಿಗೆಯಾಗದ ವಸ್ತುವೇ ಇರಲಿಲ್ಲ. ಟ್ಯೂಬ್ ರೈಲಿನ ಕಂಬ ಹಿಡಿದರೆ ಹೇಸಿಗೆ, ನಾಯಿ ಯಾರದಾದರೂ ಮುಖ ನೆಕ್ಕಿದರೆ ಹೇಸಿಗೆ. ಪಕ್ಕದ ಮನೆಯ ಬಚ್ಚಲಿನಲ್ಲಿ ಕಾರ್ಪೆಟ್ ಹಾಸಿದ್ದನ್ನು ನೋಡಿ ಬಂದ ದಿನ ಊಟವನ್ನೇ ಬಿಟ್ಟಿದ್ದರು. “ಏನ್ ಮಂದಿನವಾ! ತಾಟಿನ ಮ್ಯಾಲಿನ ಸಾಬೂನಿನ ನೊರಿ ಸೈತ ತೊಳೀಲಾರದ ಒರಸಿ ಇಡ್ತಾರ. ಶೀ!” ಎಂದು ಮೂಗಿಗೆ ಸೆರಗು ಹಿಡಿಯುತ್ತಿದ್ದರು. ಧಾರವಾಡ ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಆ “ಶೀ” ಮಾತ್ರ ಹಳತಾಗಿರಲಿಲ್ಲ.

ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆದ ವರ್ಷ, ರೇನರ್ಸ್ ಲೇನಿನ ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ನಾನು ಬಸುರಿ. ನೀರು ಕುಡಿದರೂ ವಾಂತಿ. ತೂಕ ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಜಿಪಿ ಡಾಕ್ಟರು ಹೇಳಿಯಾಗಿತ್ತು. ಆಗ ನನ್ನ ಹೊಟ್ಟೆಯಲ್ಲಿ ನಿಂತದ್ದು ಒಂದೇ. ಹಿತ್ತಲಿನ ಗೂಸ್‌ಬೆರಿ ಕಾಯಿಗೆ ಹಸಿಮೆಣಸಿನಕಾಯಿ, ಇಂಗು ಹಾಕಿ ನೀಲಕ್ಕ ಅರೆದ ಚಟ್ನಿ, ಅದರ ಜೊತೆ ನಾಲ್ಕು ತುತ್ತು ಅನ್ನ. ನೆಲ್ಲಿಕಾಯಿಯಷ್ಟೇ ಹುಳಿಯಾದ ಆ ಕಾಯಿ ಅಂಗಡಿಗಳಿಗೆ ಇನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ ಗಿಡಕ್ಕೆ ಹುಳ ಬಿದ್ದವು. ತಿಳಿಹಸಿರು ಮೈ, ಮೈತುಂಬ ಕರಿ ಚುಕ್ಕೆ. ಎಲೆಯ ಅಂಚಿಗೆ ಸಾಲಾಗಿ ಅಂಟಿಕೊಂಡು ಮೇಯುತ್ತಿದ್ದವು. ಬುಡದ ಕಡೆಯ ಎಲೆಗಳಲ್ಲಿ ಬರೀ ನರ ಉಳಿದಿತ್ತು. ನೋಡಲು ಕಂಬಳಿಹುಳದ ಜಾತಿಯಂತಿದ್ದರೂ ಅವು ಚಿಟ್ಟೆಯ ಮರಿಗಳಲ್ಲವಂತೆ, ಯಾವುದೋ ಕಣಜದ ಜಾತಿಯವಂತೆ. ನನ್ನ ಗಂಡ ತಂದ ಕಂಬಳಿಹುಳದ ಔಷಧಿಗೆ ಅವು ಕ್ಯಾರೇ ಅನ್ನಲಿಲ್ಲ. ಗಿಡ ಹೀಗೇ ಬೋಳಾದರೆ ಕಾಯೆಲ್ಲ ಉದುರುವುದು ಖಂಡಿತವಾಗಿತ್ತು.

ನೀಲಕ್ಕ ಸೆರಗನ್ನು ಮೂಗಿಗೆ ಬಿಗಿದುಕೊಂಡು, ಐಸ್‌ಕ್ರೀಮ್ ಡಬ್ಬಿಯಲ್ಲಿ ಸಾಬೂನು ನೀರು ತಂದು ಗಿಡದ ಮುಂದೆ ಕೂತರು. ಮುಳ್ಳಿನ ನಡುವೆ ಬರಿಗೈ ಹಾಕಿ, ಎಲೆ ಮಗುಚಿ, ಹುಳ ಹೆಕ್ಕಿ ನೀರಿಗೆ ಹಾಕುವರು. ಒಂದೊಂದಕ್ಕೂ ಒಂದೊಂದು “ಶೀ”. ಕೆಲವು ಬೆರಳಿನಲ್ಲೇ ಒಡೆದು ಹಸಿರು ಲೋಳೆ ಉಗುರಿಗೆ ಮೆತ್ತಿಕೊಳ್ಳುತ್ತಿತ್ತು. ಓಕರಿಕೆ ಬಂದು ಅವರ ಕಣ್ಣಲ್ಲಿ ನೀರಾಡುತ್ತಿತ್ತು.

“ಗ್ಲೌಸ್ ಹಾಕ್ಕೊಳ್ಳಿ ಅಕ್ಕಾ. ನಿಮಗೆ ಹೇಸಿಗೆ ಆಗಲ್ವಾ?” ಎಂದೆ.

“ಯಾಕ ಆಗಂಗಿಲ್ಲ? ಹೊಟ್ಟಿ ತೊಳಸಾಕತ್ತದ. ಆದ್ರ ಗ್ಲೌಸ್ ಹಾಕ್ಕೊಂಡ್ರ ಸಣ್ಣ ಹುಳ ಬೆರಳಿಗೆ ಸಿಗಂಗಿಲ್ಲ. ನಮ್ಮ ಗಿಡ ಅಲ್ಲೇನವಾ? ಹೇಸಿಗಿ ಅಂತ ಬಿಟ್ಟು ಕುಂತ್ರ ನೀ ಏನ್ ತಿಂತಿ?”

ಡಬ್ಬಿಯಲ್ಲಿ ತೇಲುತ್ತಿದ್ದ ಹುಳಗಳ ಮೇಲೆ ನನ್ನ ಕಣ್ಣು ಬಿತ್ತು. ಒಳಗೆ ಓಡಲು ಎದ್ದವಳು ನೀಲಕ್ಕನ ಮಡಿಲಿಗೇ ವಾಂತಿ ಮಾಡಿಬಿಟ್ಟೆ. ನಾಚಿಕೆಯಿಂದ ಸತ್ತೇ ಹೋದೆ. ಇನ್ನೇನು “ಶೀ” ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಮೂಗಿಗೆ ಕಟ್ಟಿದ್ದ ಸೆರಗು ಬಿಚ್ಚಿ ನನ್ನ ಬಾಯಿ ಒರೆಸಿದರು. “ಆತು ಬಿಡು. ಎಲ್ಲಾ ಹೊರಗ ಬರ್ಲಿ. ಮತ್ತ ಬಿಸಿ ಅನ್ನ ಮಾಡ್ತೀನಿ” ಎಂದು ಮೊಣಕೈಯಿಂದ ಬೆನ್ನು ನೀವಿದರು, ಬೆರಳಿಗೆ ಲೋಳೆಯಿತ್ತಲ್ಲ.

ದಿನವೂ ಹೆಕ್ಕಿ ಹೆಕ್ಕಿ ಗಿಡ ಅರೆಬೋಳಾಗಿ ಉಳಿಯಿತು. ಕಾಯಿ ನಿಂತಿತು. ನಾನೂ ಆಸ್ಪತ್ರೆಗೆ ಸೇರದೆ ಉಳಿದೆ. ಮಗಳು ಹುಟ್ಟಿದ ಮೇಲೆ ನಾವು ದಕ್ಷಿಣ ಲಂಡನ್ನಿನ ಸಟನ್‌ಗೆ ಹೋದೆವು.

ಕೆಲವು ವರ್ಷಗಳ ನಂತರ ನೀಲಕ್ಕ ಹಾಸಿಗೆ ಹಿಡಿದರೆಂದು ತಿಳಿದು ನೋಡಲು ಹೋದೆ. ಗೂಸ್‌ಬೆರಿ ಚಟ್ನಿ ಒಯ್ದಿದ್ದೆ. ಬೆರಳ ತುದಿಯಷ್ಟು ಚೀಪಿದರು. ಅರೆಗಳಿಗೆಯಲ್ಲಿ ಅದು, ಅದರ ಹಿಂದೆ ಹೊಟ್ಟೆಯಲ್ಲಿದ್ದುದೆಲ್ಲ, ದಿಂಬಿನ ಮೇಲೆ, ಕತ್ತಿನ ಮೇಲೆ ಬಂತು. ಪಕ್ಕದಲ್ಲಿದ್ದ ನರ್ಸ್ ಗ್ಲೌಸಿನ ಡಬ್ಬಿ ಚಾಚಿದಳು. ಆ ಹುಳಿ ನಾತಕ್ಕೆ ನನ್ನ ಮುಖ ತಾನಾಗಿ ಪಕ್ಕಕ್ಕೆ ತಿರುಗಿತು. ಆದರೂ ಗ್ಲೌಸ್ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಬರಿಗೈಯಲ್ಲೇ ಬಾಚಿ, ಅವರ ಕತ್ತು ಒರೆಸಿದೆ.

“ಹೇಸಿಗಿ ಬರಂಗಿಲ್ಲೇನವಾ?” ಎಂದರು.

“ಬರತ್ತೆ ಅಕ್ಕಾ.”

ಅವರು ನನ್ನ ಕೈ ನೋಡಿದರು. ಮೂಗು ಮುರಿದು, ನಗುತ್ತಾ, “ಶೀ!” ಎಂದರು. ಅವರಿಂದ ನಾನು ಕೇಳಿದ ಕೊನೆಯ ಮಾತು ಅದೇ.