ಹೊಲಸಿಗೂ ಶರಣು ಹೇಳಿದ ಹಾಸ್ಟೆಲ್

ಅರಸೀಕೆರೆಯ ಆ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಆಶಾರಾಣಿ ಹದಿನೆಂಟು ವರ್ಷದಿಂದ ಕ್ಲರ್ಕ್. ಅರ್ಜಿಯ ಮೇಲೆ ಒಂದು ಟೀ ಕಲೆ ಕಂಡರೂ ಮುಖ ಸಿಂಡರಿಸುವವರು. ಅಂಥವರ ಪಾಲಿಗೇ ದಿನ ಬೆಳಗಾದರೆ ಜಗತ್ತಿನ ಹೊಲಸನ್ನೆಲ್ಲ ಬಾಚುವ ಕೆಲಸ ಬಂದಿತ್ತು.

ಹಾಸ್ಟೆಲ್ಲಿನ ವೆಬ್‌ಸೈಟಿನಲ್ಲಿ 'ನಮಗೆ ಬರೆಯಿರಿ' ಎಂಬ ಪುಟವಿತ್ತು. ಅಧ್ಯಕ್ಷ ದೇವೀರಪ್ಪನವರು ಕೊಬ್ಬರಿ ಮಂಡಿಯ ಹಳೇ ವರ್ತಕರು. ಬಂದ ಕಾಗದಕ್ಕೆಲ್ಲ ಅಂದೇ ಉತ್ತರ ಬರೆದು ಬದುಕಿದವರು. ಹಾಗಾಗಿ ಯಾರು ಏನೇ ಬರೆದರೂ, ಮೇಲೆ 'ಶರಣು, ನಿಮ್ಮ ಪತ್ರ ತಲುಪಿತು' ಎಂದು ಸೇರಿಸಿ, ಬರೆದದ್ದರ ಪ್ರತಿ ಬರೆದವರ ಇಮೇಲಿಗೇ ತಾನಾಗಿ ಹೋಗುವಂತೆ ಮಾಡಿಸಿದ್ದರು. ಹೆಣ್ಣುಮಕ್ಕಳ ಫೋನ್ ನಂಬರು ಕೇಳಬಾರದೆಂಬುದೂ ಅವರದೇ ನಿಯಮ.

ಕಿಡಿಗೇಡಿಗಳಿಗೆ ಅಷ್ಟೇ ಸಾಕಾಯಿತು. ತಮ್ಮ ವಿಳಾಸದ ಜಾಗದಲ್ಲಿ ಇನ್ಯಾರದೋ ವಿಳಾಸ ತುಂಬಿ, ಕೆಳಗೆ ಜೂಜಿನ ಜಾಹೀರಾತು, ಬಾಯಲ್ಲಿ ಹೇಳಲಾಗದ ಚಿತ್ರಗಳ ಲಿಂಕು ಅಂಟಿಸುತ್ತಿದ್ದರು. ಅದು ಹಾಸ್ಟೆಲ್ಲಿನ ಹೆಸರಲ್ಲಿ, ತಲೆಯ ಮೇಲೆ ಶರಣು ಹೊತ್ತು, ಸಾವಿರಾರು ಜನರಿಗೆ ಹೋಗುತ್ತಿತ್ತು. ಥೂ! ಅದನ್ನು ಓದಿದ ಮೇಲೆ ಆಶಾರಾಣಿ ಸೋಪು ಹಾಕಿ ಕೈ ತೊಳೆಯುತ್ತಿದ್ದರು.

"ಸಾರ್, ಆ ಪ್ರತಿ ಕಳಿಸೋದು ನಿಲ್ಲಿಸಿಬಿಡೋಣ. ಬರೀತಿರೋದು ಮನುಷ್ಯರೇ ಅಂತ ಗೊತ್ತಾಗೋಕೆ ಒಂದು ಪ್ರಶ್ನೆನೂ ಇಡೋಣ," ಎಂದು ಎರಡು ಸಲ ಹೇಳಿದ್ದರು.

"ಬಾಗಿಲಿಗೆ ಬಂದೋರನ್ನ ನಿಲ್ಲಿಸ್ಕೊಂಡು ಪ್ರಶ್ನೆ ಕೇಳೋದಾ? ನಮ್ಮಲ್ಲಿ ಆ ಪದ್ಧತಿ ಇಲ್ಲ ಕಣಮ್ಮ."

ಜೂನ್‌ನಲ್ಲಿ ಹುಲಿಕೆರೆಯ ಜಾನಕಮ್ಮ ಮಗಳು ಅಕ್ಷತಾಳನ್ನು ಕರೆದುಕೊಂಡು ಬಂದರು. ದೇವೀರಪ್ಪನವರೂ ಆಗ ಆಫೀಸಿನಲ್ಲೇ ಇದ್ದರು. "ಸೀಟಾಯ್ತೋ ಇಲ್ವೋ ಅಂತ ದಿನಾ ಮೊಬೈಲ್ ನೋಡ್ತಾನೇ ಅವ್ಳೆ ಮೇಡಂ. ಏನೂ ಬರ್ನಿಲ್ಲ."

ಆಶಾರಾಣಿ ಹುಡುಗಿಯ ಮೊಬೈಲ್ ಇಸಿದುಕೊಂಡು ಸ್ಪ್ಯಾಮ್ ಪೆಟ್ಟಿಗೆ ತೆರೆದರು. ಲಾಟರಿಗೂ ಗಂಡಸರ ಗುಳಿಗೆಗೂ ನಡುವೆ ಅಲ್ಲಿತ್ತು: 'ಶರಣು, ನಿಮಗೆ ಸೀಟು ದೊರೆತಿದೆ. ಹತ್ತನೇ ತಾರೀಖಿನೊಳಗೆ ಬನ್ನಿ.' ಹಾಸ್ಟೆಲ್ಲಿನ ವಿಳಾಸದಿಂದ ಕೊಳಕೇ ಬಂದು ಬಂದು, ಅಲ್ಲಿಂದ ಹೊರಟ ಒಳ್ಳೆಯ ಪತ್ರವೂ ಈಗ ಕಸಕ್ಕೆ ಬೀಳುತ್ತಿತ್ತು. ಅಂದು ಹದಿನೇಳು. ಸೀಟು ಬೇರೆಯವಳಿಗೆ ಹೋಗಿ ಮೂರು ದಿನವಾಗಿತ್ತು.

ಎರಡೇ ಸಲ ಹೇಳಿ ಸುಮ್ಮನಾದ ತನ್ನ ಮೇಲೇ ಆಶಾರಾಣಿಗೆ ಹೇಸಿಗೆಯಾಯಿತು. ಯಾರನ್ನೂ ಕೇಳದೆ ಕಂಪ್ಯೂಟರಿನ ಮುಂದೆ ಕೂತು ಆ ತಾನಾಗಿ ಹೋಗುವ ಉತ್ತರವನ್ನು ಕಿತ್ತುಹಾಕಿದರು. 'ಕೊಬ್ಬರಿ ಯಾವ ಮರದ್ದು?' ಎಂಬ ಪ್ರಶ್ನೆ ಇಟ್ಟರು. ದೇವೀರಪ್ಪನವರು ನೋಡುತ್ತ ಕೂತಿದ್ದರು, ತಡೆಯಲಿಲ್ಲ.

ಜಾನಕಮ್ಮ ಎದ್ದು ಅವರಿಗೆ ಕೈಮುಗಿದು, "ಶರಣು ಸಾವ್ಕಾರ್ರೆ, ಬತ್ತೀವಿ," ಎಂದರು.

ಹೊಲಸಿಗೆಲ್ಲ ತಪ್ಪದೆ ಶರಣು ಹೇಳಿಸಿದ್ದ ಮುದುಕರ ಬಾಯಿಂದ ಆಗ ಆ ಮಾತು ಹೊರಡಲಿಲ್ಲ.