ವೀರೇಶನ ಸಹಿ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತಿತ್ತು. ರೋಣದಲ್ಲಿ ಕಂಪ್ಯೂಟರ್ ತರಗತಿ ನಡೆಸುವವನು ನಾನು. ಯಂತ್ರ ತಪ್ಪಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎಂದು ಕಲಿಯಲು ಬಂದವರಿಗೂ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ. ಮೊದಲಿನಷ್ಟು ಗಟ್ಟಿ ದನಿಯಲ್ಲಿ ಅಲ್ಲ.

ಗಜೇಂದ್ರಗಡದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ವೀರೇಶ ನನ್ನ ಗೆಳೆಯ. ಕಣ್ಣು ಕಾಣದವರಿಗಾಗಿ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶವನ್ನು ನಾವಿಬ್ಬರೂ ಬಿಡುವಿನ ವೇಳೆಯಲ್ಲಿ ವರ್ಷಗಟ್ಟಲೆ ಬೆಳೆಸಿದ್ದೆವು. ಸ್ವಯಂಸೇವಕರು ನಡೆಸುವ ಅಂತರ್ಜಾಲದ ಒಂದು ಸಾರ್ವಜನಿಕ ಭಂಡಾರಕ್ಕೆ ಅದನ್ನು ಏರಿಸುತ್ತಿದ್ದೆವು. ಜನ ಅಲ್ಲಿಂದ ಪುಕ್ಕಟೆ ಇಳಿಸಿಕೊಳ್ಳುತ್ತಿದ್ದರು. ಪ್ರತಿ ಹೊಸ ಆವೃತ್ತಿಗೂ ವೀರೇಶನ ಡಿಜಿಟಲ್ ಸಹಿ ಬೇಕು. ಆ ಸಹಿ ಇಲ್ಲದ್ದನ್ನು ಭಂಡಾರ ಒಳಗೆ ಬಿಡುವುದಿಲ್ಲ. ಸಹಿ ಹಾಕುವ ಕೀಲಿ ಬೆರಳುದ್ದದ ಒಂದು ಸಾಧನದಲ್ಲಿತ್ತು. ಅದನ್ನು ನಕಲು ಮಾಡಲು ಬರುವುದಿಲ್ಲ. ತೆರೆಯುವ ಸಂಖ್ಯೆ ಅವನೊಬ್ಬನಿಗೇ ಗೊತ್ತು. ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಂಡಿರುತ್ತಿದ್ದ.

ಕಿಡ್ನಿ ಕೈಕೊಟ್ಟು ಅವನು ಗದಗಿನಲ್ಲಿ ದವಾಖಾನೆ ಸೇರಿದ. ಕೊನೆಯ ಆವೃತ್ತಿಗೆ ಸಹಿ ಹಾಕಿದ್ದು ಅಲ್ಲೇ, ಮಂಚದ ಮೇಲೆ. ಅದರಲ್ಲಿ ಅಂಕಿಗಳನ್ನು ಓದುವ ಭಾಗವನ್ನು ನಾನು ಬದಲಿಸಿದ್ದೆ. "ಒಮ್ಮಿ ನೋಡಪಾ," ಎಂದೆ. "ನೀ ನೋಡೀಯಲ್ಲ, ಸಾಕ ಬಿಡು," ಎಂದು ಸಂಖ್ಯೆ ಒತ್ತಿ ಸಹಿ ಹಾಕಿದ. ಆರು ದಿನಕ್ಕೆ ತೀರಿಕೊಂಡ.

ಮುಶಿಗೇರಿಯ ಅವರ ಹೊಲದಲ್ಲೇ ಮಣ್ಣು ಮಾಡಿದೆವು. ಮೈ ತೊಳೆಯುವಾಗ ನಾನು ಆ ದಾರಕ್ಕೆ ಕೈ ಹಾಕಿದೆ. ಅವನ ಹೆಂಡತಿ ಗಿರಿಜಾ, "ತಗೀಬ್ಯಾಡ್ರಿ ಅಣ್ಣಾರ. ಅವರ ಎದಿ ಮ್ಯಾಲಿಂದು, ಅಲ್ಲೇ ಇರಲಿ," ಎಂದಳು. ಅದು ಕೆಲಸಕ್ಕೆ ಬೇಕೆಂದು ಆ ಹೊತ್ತಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಕೈ ಹಿಂದೆ ತೆಗೆದೆ. ಅದು ಅವನೊಂದಿಗೆ ಮಣ್ಣಿಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಹನ್ನೊಂದನೆಯ ದಿನ ಶಿರೋಳದಿಂದ ಶಾಂತಕ್ಕ ಫೋನ್ ಮಾಡಿದರು. ಹುಟ್ಟಿನಿಂದ ಕಣ್ಣಿಲ್ಲದವರು, ನಮ್ಮ ತಂತ್ರಾಂಶವನ್ನೇ ನಂಬಿ ತಾಯಿಯ ಔಷಧ ನೋಡಿಕೊಳ್ಳುತ್ತಿದ್ದರು.

"ಸರ್, ಡಾಕ್ಟರು ಅವ್ವಗ ಅರ್ಧ ಎಂ.ಎಲ್. ಹಾಕು ಅಂದಿದ್ರು. ಚೀಟಿ ಓದಿಸಿದ್ರ ನಿಮ್ಮ ಮಷೀನು ಐದು ಅಂತೈತ್ರಿ. ನನಗೇನೋ ನೆನಪಿತ್ತು. ನೆನಪಿಲ್ಲದವರು ಹ್ಯಾಂಗ್ರಿ?"

ಕೂಡಲೇ ಕೋಡ್ ತೆರೆದು ನೋಡಿದೆ. ನಾನು ಬರೆದ ಒಂದು ಸಾಲು ಅಂಕಿಗಳ ನಡುವಿನ ಬಿಂದುವನ್ನು ನುಂಗುತ್ತಿತ್ತು. ಸೊನ್ನೆ ಪಾಯಿಂಟ್ ಐದು ಎಂಬುದು ಬರೀ ಐದಾಗಿತ್ತು. ತಿದ್ದಲು ಹತ್ತು ನಿಮಿಷ ಸಾಕಾಯಿತು. ಆದರೆ ಸಹಿ? ಭಂಡಾರದವರಿಗೆ ಬರೆದೆ. ಕೆಟ್ಟ ಆವೃತ್ತಿಯನ್ನು ಅವರು ಹಿಂತೆಗೆದುಕೊಂಡರು. ಆದರೆ ಆಗಲೇ ಇಳಿಸಿಕೊಂಡವರ ಯಂತ್ರಗಳು ಹೊಸದು ಬರುವ ತನಕ ತಪ್ಪಾಗಿಯೇ ಓದುತ್ತಿರುತ್ತವೆ. ಸತ್ತವರ ಕೆಲಸ ಇನ್ನೊಬ್ಬರಿಗೆ ವಹಿಸಲು ಎರಡು ವಾರ ಬೇಕು ಎಂದರು.

ಮೂರು ದಿನ ಹೇಗೋ ಕಳೆದೆ. ತಡೆಯಲಾರದೆ ಮುಶಿಗೇರಿಗೆ ಹೋದೆ. ಬಂದ ಕಾರಣ ತಡವರಿಸುತ್ತಲೇ ಹೇಳಿದೆ. ಗಿರಿಜಾ ಎಲ್ಲ ಕೇಳಿಸಿಕೊಂಡು, "ಮಂದಿ ಜೀವದ ಮಾತಾದ್ರ ಅಗೀರಿ," ಎಂದಳು. ಸಂಖ್ಯೆ ಅವಳಿಗೂ ಗೊತ್ತಿರಲಿಲ್ಲ. ಸಾಧನ ಸಿಕ್ಕರೂ ಉಪಯೋಗವಿಲ್ಲವೆಂದು ತಿಳಿದಿದ್ದೂ, ಮಟಮಟ ಮಧ್ಯಾಹ್ನ ಗುದ್ದಲಿ ಹಿಡಿದು ಆ ಮಣ್ಣಿನ ಮುಂದೆ ನಿಂತೆ. ಮಣ್ಣು ನಾವು ಹಾಕಿದ ಹಾಗೆಯೇ ಇತ್ತು. ಮೇಲಿಟ್ಟ ಬಿಲ್ವಪತ್ರಿ ಒಣಗಿತ್ತು.

ಆಗ ಫೋನ್ ಬಂತು. ಶಾಂತಕ್ಕ.

"ಭಾಳ ಚಲೋ ಆತ್ರಿ ಸರ್. ಹೊಸಾದು ಬಂತು. ಈಗ ಬರೋಬ್ಬರಿ ಸೊನ್ನೆ ಪಾಯಿಂಟ್ ಐದು ಅಂತೈತಿ."

ನಿಂತಲ್ಲೇ ಭಂಡಾರ ತೆರೆದು ನೋಡಿದೆ. ಹೊಸ ಆವೃತ್ತಿ ಇತ್ತು, ಇಪ್ಪತ್ತು ನಿಮಿಷದ ಹಿಂದೆ ಏರಿಸಿದ್ದು. ವೀರೇಶನ ಸಹಿ.

"ಏನಾತ್ರಿ ಅಣ್ಣಾರ?" ಎಂದಳು ಗಿರಿಜಾ. "ಕೆಲಸ ಆತು. ಮನಿಗೆ ನಡಿ ತಂಗಿ," ಎಂದೆ.

ರೋಣಕ್ಕೆ ಬಂದು ಎಷ್ಟು ಸಲ ತಾಳೆ ನೋಡಿದರೂ ಸಹಿ ಅವನದೇ. ಅವನ ಲ್ಯಾಪ್‌ಟಾಪ್ ನನ್ನ ಕಪಾಟಿನಲ್ಲಿ ಬೀಗದೊಳಗಿತ್ತು. ತಿದ್ದುಪಡಿ ನನ್ನದಲ್ಲ, ನನ್ನ ಸಾಲನ್ನು ಪೂರ್ತಿ ಕಿತ್ತು ಬೇರೆಯೇ ರೀತಿ ಬರೆಯಲಾಗಿತ್ತು. ಯಾರೋ ಕಳ್ಳರು ಹೊಕ್ಕಿದ್ದರೆ ಏನಾದರೂ ಕೇಡು ತುಂಬಿರಬೇಕಲ್ಲ ಎಂದು ಭಂಡಾರದ ಇಬ್ಬರ ಜೊತೆ ಸಾಲು ಸಾಲಾಗಿ ಜಾಲಾಡಿದೆ. ಆ ಒಂದು ತಿದ್ದುಪಡಿ ಬಿಟ್ಟು ಬೇರೇನೂ ಇರಲಿಲ್ಲ.

ಸತ್ತವನ ಕೀಲಿ ಕೆಲಸ ಮಾಡಿದರೆ ಅದು ಕಳುವಾಗಿದೆ ಎಂದೇ ನಿಯಮದ ಲೆಕ್ಕ. ಅದನ್ನು ರದ್ದು ಮಾಡಿರೆಂದು ನಾನೇ ಬರೆದುಕೊಡಬೇಕಾಯಿತು. ಬರೆದಿಟ್ಟು ಕಳಿಸದೆ ಸಂಜೆಯ ತನಕ ಕುಳಿತಿದ್ದೆ. ಕೊನೆಗೆ ಕಳಿಸಿದೆ. ರದ್ದಾಯಿತು. ಇನ್ನು ಅವನ ಹೆಸರಿನಲ್ಲಿ ಏನೂ ಬರಲು ದಾರಿಯಿಲ್ಲ. ಯಾರ ಮುಖದ ಮೇಲೆ ಬಾಗಿಲು ಹಾಕಿದೆನೋ ತಿಳಿಯದು.

ಕಳೆದ ತಿಂಗಳು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಗಿರಿಜಾ ಸಿಕ್ಕಿದ್ದಳು. "ಖರೇ ಹೇಳ್ರಿ ಅಣ್ಣಾರ, ಅವತ್ತ ಆ ಕೆಲಸ ಯಾರ ಮಾಡಿದ್ರು?" ಎಂದು ಕೇಳಿದಳು.

"ಗೊತ್ತಿಲ್ಲ ತಂಗಿ," ಎಂದೆ. ಅವಳು ನಂಬಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲ.