ಗಿಣಿ ಕಚ್ಚಿದ ಸೀಬೆಹಣ್ಣು

ನನಗೆ ಎರಡು ವರ್ಷವಾಗಿದ್ದಾಗ ಅವ್ವ ಪ್ಲೇಗಿನಲ್ಲಿ ಹೋದಳು. ಅದುವರೆಗೆ ಕಲಿತಿದ್ದ ಐದಾರು ಮಾತೂ ಅವಳ ಹಿಂದೆಯೇ ಹೋದವು. ಅಪ್ಪ ಇನ್ನೊಂದು ಮದುವೆಯಾಗಿ ಹೊಸಕೋಟೆ ಸೇರಿಕೊಂಡ. ಸೂಲಿಬೆಲೆ ಹತ್ತಿರದ ಹಳ್ಳಿಯಲ್ಲಿದ್ದ ಅವ್ವನ ಅಪ್ಪ, ನಮ್ಮ ತಾತ, ನನ್ನನ್ನು ಹೆಗಲ ಮೇಲೆ ಹೊತ್ತು ತಂದ. ಹೆಂಡತಿ ಇಲ್ಲದ, ಬಾಯಲ್ಲಿ ಎರಡೇ ಹಲ್ಲು ಉಳಿದಿದ್ದ ಮುದುಕ. ಎತ್ತಿನ ಹಗ್ಗ ಹೊಸೆದಂತೆ ನನ್ನ ಜಡೆ ಹೊಸೆಯುತ್ತಿದ್ದ. ಹಣೆಯ ಚರ್ಮವೆಲ್ಲ ಹಿಂದಕ್ಕೆ ಸರಿದು ನಾನು ಸದಾ ಬೆಚ್ಚಿಬಿದ್ದವಳ ಹಾಗೆ ಕಾಣುತ್ತಿದ್ದೆ.

ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಮಾತಿನ ಅಗತ್ಯವೇ ಬೀಳಲಿಲ್ಲ. ಮೂಗು ಸೊಟ್ಟ ಮಾಡಿದರೆ ಮುದ್ದೆ ಬಿಸಿ, ಕಾಲು ಝಾಡಿಸಿದರೆ ಮಜ್ಜಿಗೆ ಬೇಕು; ತಾತನಿಗೆ ಎಲ್ಲ ತಿಳಿಯುತ್ತಿತ್ತು. ಕೂತಲ್ಲೇ ಎಲ್ಲ ಸಿಗುವಾಗ ಯಾವ ಮಹಾರಾಣಿ ಬಾಯಿ ನೋಯಿಸಿಕೊಳ್ಳುತ್ತಾಳೆ?

ಐದು ತುಂಬುವ ಹೊತ್ತಿಗೆ ತಾತನಿಗೆ ಭಯ ಹತ್ತಿಕೊಂಡಿತು.

"ನಾನು ಕಣ್ಮುಚ್ಕೊಂಡ್ರೆ ಇದು ಹಸಿವು ಅಂತ ಯಾರ್ಗೆ ಹೇಳ್ತದೆ? ಇದ್ರ ಮೂಗಿನ ಭಾಷೆ ಯಾರ್ಗೆ ಗೊತ್ತು?" ಎಂದು ಪಕ್ಕದ ಮನೆ ಅಜ್ಜಿಯ ಮುಂದೆ ಕಣ್ಣೀರು ಹಾಕಿದ.

ಅಜ್ಜಿ ಬಜೆ ತೇಯ್ದು ನನ್ನ ನಾಲಿಗೆಗೆ ತಿಕ್ಕಿದಳು. ಯುದ್ಧದ ಕಾಲ, ಸಕ್ಕರೆ ಕಣ್ಣಿಗೂ ಬೀಳುತ್ತಿರಲಿಲ್ಲ, ಬರೀ ಬಜೆ. ಅವಳ ಸೆರಗಿಗೇ ಉಗಿದೆ. ಸೆರಗು ಒರೆಸಿಕೊಂಡು ಎರಡನೇ ಮದ್ದು ಹೇಳಿದಳು: "ಅಣ್ಣಯ್ಯ, ಗಿಣಿ ಕಚ್ಚಿದ ಸೀಬೆಹಣ್ಣು ತಿನ್ಸು. ಗಿಣಿ ಎಂಜಲು ತಿಂದ ಕೂಸು ಮಾತಾಡ್ದೆ ಇರಾಕಿಲ್ಲ."

ತಾತ ಹಿತ್ತಿಲ ಸೀಬೆಮರದ ಕೆಳಗೆ ಮೂರು ದಿನ ಕಾದ. ಊರ ಗಿಣಿಗಳಿಗೆಲ್ಲ ಹೊಲದ ತೆನೆಯೇ ರುಚಿಯಾಗಿತ್ತು, ಒಂದೂ ಇತ್ತ ತಲೆ ಹಾಕಲಿಲ್ಲ. ನಾಲ್ಕನೇ ದಿನ ನಾನು ಹಿತ್ತಿಲ ಬಾಗಿಲಲ್ಲಿ ಇಣುಕಿದರೆ, ತಾತ ಅತ್ತಿತ್ತ ನೋಡಿ, ಒಂದು ಹಣ್ಣನ್ನು ತನ್ನ ಎರಡು ಹಲ್ಲಿನಿಂದ ಬಲು ಜಾಗ್ರತೆಯಾಗಿ ಕುಟುಕುತ್ತಿದ್ದ. ದೂರ ಹಿಡಿದು ನೋಡಿ, ಸಮಾಧಾನವಾಗದೆ ಇನ್ನೊಂದು ತೂತು ಮಾಡಿದ. ಆಮೇಲೆ ನನ್ನ ಹತ್ತಿರ ಬಂದು, "ತಗಾ ಮಗಾ, ಗಿಣಿರಾಮ ಕಳ್ಸವ್ನೆ" ಎಂದ.

ಹಾಡಹಗಲೇ ಇಂಥ ಮೋಸ! ನನಗೆ ಮೈಯೆಲ್ಲ ಉರಿದುಹೋಯಿತು.

"ಸುಳ್ಳ! ನೀನೇ ಕಚ್ಚಿದ್ದು!"

ತಾತನ ಕೈಯಿಂದ ಹಣ್ಣು ಬಿತ್ತು. ನನ್ನೆದುರು ಕುಕ್ಕರಗಾಲಲ್ಲಿ ಕೂತ. "ಇನ್ನೊಂದ್ಸಲ ಬಯ್ಯವ್ವಾ" ಎಂದ. ಬೈದೆ. ಅಜ್ಜಿಯನ್ನು ಕೂಗಿ ಕರೆದು ಅವಳೆದುರಿಗೂ ಬೈಸಿಕೊಂಡ. ಅವನು ನಗುವುದು ಕಂಡು ನಾನೂ ನಕ್ಕೆ. ತಾತ ನಕ್ಕು ನಕ್ಕು ಕೊನೆಗೆ ಕಣ್ಣೊರೆಸಿಕೊಳ್ಳುತ್ತ, "ಇನ್ನು ನಾನು ಸತ್ರೂ ಚಿಂತೆ ಇಲ್ಲ" ಎಂದ.

ನನ್ನ ನಗು ನಿಂತುಹೋಯಿತು. ಅವನ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅವ್ವ ಹೋದಂಗೆ ಹೋಗ್ಬ್ಯಾಡ."

"ಇಲ್ಲ ಕಣವ್ವಾ" ಎಂದ ತಾತ. ನನ್ನ ವಟವಟ ಕೇಳಿಕೊಂಡೇ ಇನ್ನೂ ಹದಿನಾಲ್ಕು ವರ್ಷ ಇದ್ದ.